ಕೈ ಬಿಟ್ಟ ಸುತ್ತು

ಯಮಕನಮರಡಿ
17 ನವೆಂಬರ 2024, ರವಿವಾರ

ಅಬ್ಬಾರಿಗೆ ನಿಮ್ಮ ಉಜ್ಮಾಳ ಸಲಾಮ.

ನೀವು ಕೆತ್ತಿ ಕಳಿಸಿದ ವಿಮಾನ ಬಂದು ಮುಟ್ಟಿತು. ಕಂಡಕ್ಟರ ಉದ್ದಪ್ಪ ಕಾಕಾ ಅದನ್ನ ಬಸ್ಸಿನ ಮ್ಯಾಲ ಹಾಕಾಕ ಒಪ್ಪಲಿಲ್ಲಂತ. ಗೋಕಾಕದಿಂದ ಇಲ್ಲೀತನಕಾ ತನ್ನ ಸೀಟಿನ ಮ್ಯಾಲ ಅದನ್ನ ಕೂಡ್ರಿಸಿ ತಾ ನಿಂತ ಬಂದಾರ. "ಟೀಚರ, ಇದಕ್ಕ ಟಿಕೀಟ ಹರದಿಲ್ಲ, ಯಾರ ಮುಂದೂ ಹೇಳಬ್ಯಾಡ್ರಿ" ಅಂದ್ರು. ಹಾಸ್ಟೆಲಿನ ಹುಡಿಗ್ಯಾರು ಅದರ ಸುತ್ತ ಕೂತವರು ಊಟದ ಗಂಟಿ ಹೊಡದ್ರೂ ಏಳಲಿಲ್ಲ. ಹೊಟ್ಟಿ ಪೊಳ್ಳ ಮಾಡಿ ಕೆತ್ತಿದ್ದು, ಥರ್ಮಾಕೋಲಿನ ರೆಕ್ಕಿಗೆ ಕಾಗದ ಹಚ್ಚಿದ್ದು, ಬಾಲದ ಮ್ಯಾಲ ನವಿಲಿನ ಬಣ್ಣ, ಎಲ್ಲಾ ನೋಡಿ ಒಬ್ಬಾಕಿ, "ಟೀಚರ, ಇದನ್ನ ಹಾರಸೂದು ಬ್ಯಾಡ್ರಿ, ಇಟ್ಕೊಳೂಣು" ಅಂದ್ಲು. ಅಂಥಾ ಚಂದ ಆಗೇತಿ ನೋಡ್ರಿ.

ಫೋನಿನ್ಯಾಗ ಹೇಳಿದ್ರ ನಿಮಗ ಕೇಳಸೂದಿಲ್ಲ. ಅಮ್ಮಿಗೆ ಹೇಳಿದ್ರ ಅಕಿ ನಿಮ್ಮ ಕಿವ್ಯಾಗ ಒದರೂದು ಓಣಿಗೆಲ್ಲಾ ಕೇಳಸ್ತೈತಿ. ಅದಕ್ಕ ಬರದ ಕಳಸಾಕತ್ತೇನಿ. ನೀವೂ ಬರದ ತಿಳಸ್ರಿ.

ಈಗ ಸುದ್ದಿ. ನಿನ್ನಿ ಸಾಲಿ ಹಿಂದಿನ ಕೊಯ್ದ ಸೋಯಾ ಹೊಲದಾಗ ಹಾರಿಸಿದ್ವಿ. ನಮ್ಮ ಆಟದ ಮಾಸ್ತರ ಮಾಲಿಂಗ ಸರ್ ಕೈಯಿಂದ ಒಗದ್ರು. ಮಸಗುಪ್ಪಿಯ ಕುರಬರ ಮನಿತನದವರು, ಸಣ್ಣವರಿದ್ದಾಗಿಂದ ಕುರಿ ಹಿಂದ ಕಲ್ಲ ಒಗದ ಕೈ, ಒಗತದಾಗ ಏನೂ ತಪ್ಪಿಲ್ಲ. ವಿಮಾನ ಮೂತಿ ಮ್ಯಾಲ ಮಾಡಿ ಏರಿತು. ಏರಕೋತ ಏರಕೋತ ವೇಗ ಕಡಿಮಿ ಆಗಿ ಗಾಳಿಯಾಗ ನಿಂತಂಗ ಆತು, ಆಮ್ಯಾಲ ಒಂದ ರೆಕ್ಕಿ ಇಳಸಿ ಧೊಪ್ಪಂತ ಬಿತ್ತು. ಮಣ್ಣ ಮೆತ್ತಗಿತ್ತು, ಏನೂ ಮುರೀಲಿಲ್ಲ. ನಾ ರಿಮೋಟಿನ ಟ್ರಿಮ್ ತಿರಿವಿದ್ನಿ. ಟ್ರಿಮ್ ಅಂದ್ರ ಕಡ್ಡಿ ಬಾಜೂಕ ಇರೂ ಸಣ್ಣ ಗುಂಡಿ, ನಾವು ಕಡ್ಡಿ ಮುಟ್ಟದಿದ್ದಾಗೂ ಬಾಲದ ಪಟ್ಟಿ ಜರಾ ಮ್ಯಾಲ ಇರ್ಲಿ ಇಲ್ಲಾ ಜರಾ ಕೆಳಗ ಇರ್ಲಿ ಅಂತ ಹೇಳಿ ಇಡೂದು. ಮೂತಿ ಇಳೀಲಿ ಅಂತ ಪೂರ್ತಿ ಒತ್ತಿದ್ನಿ. ಎರಡನೇ ಸಲ ಮೂತಿ ಇಳೀತು, ಇಳದದ್ದು ಏಳಲೇ ಇಲ್ಲ. ಕಡ್ಡಿ ಕೂದಲಷ್ಟ ಮುಟ್ಟಿದ್ರ ಸಾಕು, ಹುಚ್ಚಹಿಡದಂಗ ಮಾಡ್ತೈತಿ.

ಜನೇವರಿಯೊಳಗ ಮೂಡಲಗ್ಯಾಗ ಸ್ಪರ್ಧಾ ಐತಿ. ಇದನ್ನ ಮೊದ್ಲ ಒಮ್ಮೆ ಹೇಳೇನಿ, ಆವಾಗ ನೀವು ಗ್ವಾಡಿ ಕಡೆ ಮಾರಿ ಮಾಡಿ ಕೂತಿದ್ರಿ, ಅದಕ್ಕ ಮತ್ತ ಹೇಳ್ತೇನಿ. ಅಲ್ಲಿ ಕಡೀಕ ಕೈ ಬಿಟ್ಟ ಸುತ್ತು ಅಂತ ಇರ್ತೈತಿ. ಹಾರಸವರು ರಿಮೋಟ ಕೊಳ್ಳಾಗ ಹಾಕ್ಕೊಂಡು ಎರಡೂ ಕೈ ಮ್ಯಾಲ ಎತ್ತಬೇಕು, ಶಿಟಿ ಊದೂ ತನಕಾ ವಿಮಾನ ತಾನ ನೆಟ್ಟಗ ಹೋಗಬೇಕು. ಹ್ವಾದ ವರ್ಷ ಬಜಾರದ ಥರ್ಮಾಕೋಲ ವಿಮಾನ ಒಯ್ದಿದ್ವಿ. ನಾ ಕೈ ಎತ್ತಿದ ಕೂಡ್ಲೇ ಅದು ಹೊಳ್ಳಿ ಅಡಿಗಿ ಪೆಂಡಾಲಕ್ಕ ಹೋಗಿ ಉಪ್ಪಿಟ್ಟಿನ ಬೋಗಾಣ್ಯಾಗ ಬಿತ್ತು. ಮೈಕಿನ ಲಖನ ಆ ಮಾತನ್ನ ಸಂಜೀತನಕಾ ಬಿಡಲಿಲ್ಲ. ನನ್ನ ಹುಡಿಗ್ಯಾರು ಅತಗೋತ ಟೆಂಪೋ ಹತ್ತಿದ್ರು. ನಮ್ಮ ಹೆಡ್ ಮಾಸ್ತರ ರಾಚಪ್ಪ ಸರ್ ಈ ಸಲ ಖಡಾಖಂಡಿ ಹೇಳ್ಯಾರ: ಮತ್ತ ಬಿತ್ತಂದ್ರ ಶನಿವಾರದ ವಿಮಾನದ ತಾಸು ಬಂದ್, ಆ ತಾಸಿನ್ಯಾಗ ಹುಡಿಗ್ಯಾರು ಗಣಿತ ಮಾಡ್ಲಿ. ಅಬ್ಬಾ, ವಾರ ಪೂರ್ತಿ ಆ ಹುಡಿಗ್ಯಾರು ಕಾಯೂದು ಅದೊಂದ ತಾಸು. ನಾನೂ ಅಷ್ಟ.

ಮಾಡಿದವರು ನೀವು. ಏನ ಇರಬಹುದು ಹೇಳ್ರಿ.

ನಿಮ್ಮ ಉತ್ತರದ ದಾರಿ ನೋಡ್ಕೋತ,
ಉಜ್ಮಾ

*

ಗೋಕಾಕ
22 ನವೆಂಬರ 2024, ಜುಮ್ಮಾ

ಬೇಟಿ ಉಜ್ಮಾಗ ದುವಾ.

ಪತ್ರ ಎರಡ ಸಲ ಓದಿದ್ನಿ. ವಿಮಾನದಾಗ ಏನೂ ದೋಷ ಇಲ್ಲ. ನಿನ್ನ ಅಜ್ಜನ ಕಾಲದಿಂದ ಈ ಅಂಗಡಿಯಿಂದ ಹೋದದ್ದು ಒಂದೂ ತಿರಿಗಿ ಬಂದಿಲ್ಲ, ಅದು ನಿನಗ ಗೊತ್ತೈತಿ. ಗಿರಾಕಿ ಕೈ ಚಾಚಿದ್ರ ಅಂಗೈ ಮ್ಯಾಲ ನಿಂದರಬೇಕು, ನಿಂದರದ ಗೊಂಬಿ ನಮ್ಮ ಅಂಗಡ್ಯಾಗ ಇರೂದಿಲ್ಲ. ನಿನ್ನ ವಿಮಾನಾನೂ ನಾ ನೀ ಕೊಟ್ಟ ಮೋಟಾರ, ಬ್ಯಾಟರಿ ಕೂಡ್ರಿಸಿ ಹಲಗಿ ಮ್ಯಾಲ ನಿಂದರಿಸಿ, ಹಲಗಿ ಅಳ್ಳಾಡಿಸಿ ನೋಡೇ ಕಳಿಸೇನಿ. ಬಾಜೂ ಅಂಗಡಿ ಅಲ್ಲಪ್ಪ ಬಂದು ಊದಿ ನೋಡಿದ. ಮಿಸುಕಾಡಲಿಲ್ಲ.

ನೀ ಕಡ್ಡಿ ಜಗ್ಗಾಡತಿರಬೇಕು. ಸಣ್ಣಾಕಿದ್ದಾಗಿಂದ ನಿನಗ ತಡಕೊಳ್ಳೂದು ಅಂಬೂದ ಇಲ್ಲ. ಬಣ್ಣ ಒಣಗೂದ್ರಾಗ ಮುಟ್ಟಿ ಮುಟ್ಟಿ ನೋಡಾಕಿ. ಇಲ್ಲಾ ಆ ಮಾಸ್ತರ ಕಲ್ಲ ಒಗದಂಗ ಒಗದಿರಬೇಕು. ಮೆತ್ತಗ ಬಿಡಾಕ ಹೇಳು.

ಆ ನೌಕರಿ ಸಂಬಂಧ ನಾ ಏನೂ ಅನ್ನೂದಿಲ್ಲ. ಅಂದ್ರ ನೀ ಕೇಳಾಕಿ ಅಲ್ಲ. ಈ ಓಣ್ಯಾಗ ನಿನ್ನಂಗ ಕಟಗಿ ಹಣ್ಣಿಗೆ ಬಣ್ಣ ಹಚ್ಚವರು ಯಾರೂ ಇಲ್ಲ. ನಿನ್ನ ಜಾಗಾದಾಗ ಈಗ ಬಣ್ಣದ ಡಬ್ಬಿ ಇಟ್ಟೇನಿ. ಸುಮ್ಮನ ಹೇಳಿದ್ನಿ.

ಪ್ರಯತ್ನ ಬಿಡಬ್ಯಾಡ. ಆದ್ರ ನನ್ನ ಕಟಗಿ ಮ್ಯಾಲ ತಪ್ಪ ಹಾಕಬ್ಯಾಡ.

ನಿನ್ನ ಅಬ್ಬಾ
ತಾಜುದ್ದೀನ

ಬೇಟಾ, ಕಾಗದದ ಅಂಚಿನ್ಯಾಗ ನಾ ಬರಿಯಾಕತ್ತೇನಿ, ಅವರು ನಮಾಜಿಗೆ ಹೋಗ್ಯಾರ. ನಿನ್ನ ಪತ್ರ ಎರಡ ಸಲ ಅಲ್ಲ, ಎಷ್ಟ ಸಲ ಓದ್ಯಾರೋ ಅಲ್ಲಾನಿಗೇ ಗೊತ್ತು. ಉಪ್ಪಿಟ್ಟಿನ ಬೋಗಾಣಿ ಬಂದಲ್ಲಿ ನಕ್ಕಾರ, ನಾ ನೋಡೇನಿ. ಹೊತ್ತಿಗೆ ಸರಿ ಉಣ್ಣು. ನಿನ್ನ ಅಮ್ಮಿ ನಜೀರಾ.

*

ಯಮಕನಮರಡಿ
1 ಡಿಸೆಂಬರ 2024, ರವಿವಾರ

ಅಬ್ಬಾರಿಗೆ ಸಲಾಮ.

ನನ್ನ ಕೈಯಾಗ ದೋಷ ಐತಿ ಅಂದ್ರಿ, ಒಪ್ಪಿದ್ನಿ. ಅದಕ್ಕ ನನ್ನ ಕೈ ಇಲ್ಲದ ಪರೀಕ್ಷಾ ಮಾಡಿದ್ವಿ. ಮೋಟಾರ ಬಂದ್ ಇಟ್ಟು, ಕಡ್ಡಿ ಯಾರೂ ಮುಟ್ಟದ, ಮಾಲಿಂಗ ಸರ್ ಮೆತ್ತಗ, ಕೂಸಿನ್ನ ತೊಟ್ಟಲಕ್ಕ ಹಾಕಿದಂಗ ಬಿಟ್ರು. ಆದ್ರೂ ಅದು ಮೂತಿ ಎತ್ತಿ, ನಿಂತು, ಬಿತ್ತು. ನನ್ನ ಕೈ ನನ್ನ ಬೆನ್ನ ಹಿಂದಿದ್ವು, ಇಡೀ ಒಂಬತ್ತನೇ ಇಯತ್ತೆ ಸಾಕ್ಷಿ ಐತಿ.

ಆಮ್ಯಾಲ ತೂಕದ ಪರೀಕ್ಷಾ. ರೆಕ್ಕಿ ಅಗಲದಾಗ ಮುಂದಿನ ಅಂಚಿನಿಂದ ಕಾಲಭಾಗ, ಭಾಳಂದ್ರ ಮೂರನೇ ಒಂದ ಭಾಗ ಹಿಂದ ಎರಡ ಬೆರಳ ಕೊಟ್ಟು ಎತ್ತಿದ್ರ ವಿಮಾನ ಸಮ ನಿಂದರಬೇಕು, ಇಲ್ಲಾ ಮೂತಿ ಜರಾ ಬಾಗಬೇಕು. ನಮ್ಮದು ಎತ್ತಿದ ಕೂಡ್ಲೇ ಬಾಲ ಕೆಳಗ ಹಾಕಿ ಕುಂದರತೈತಿ. ಬ್ಯಾಟರಿ ಎಷ್ಟ ಮುಂದ ಸರಸಾಕ ಆಗತೈತೋ ಅಷ್ಟೂ ಸರಿಸಿದ್ವಿ. ಮೂತಿಗೆ ನಾಣ್ಯ ಅಂಟಿಸಿದ್ವಿ. ನಾಣ್ಯ ಹಚ್ಚಿ ಹಚ್ಚಿ ಸಮ ಆತು ಖರೆ, ಆದ್ರ ಕುಂಬಳಕಾಯಿ ಆತು. ಮೋಟಾರ ಪೂರ್ತಿ ಬಿಟ್ರೂ ಎದಿ ಮಟ ಸೈತ ಏರಲಿಲ್ಲ.

ನಿನ್ನಿ ಸಂಜಿಕ ನಾ ಅದನ್ನ ಮೇಜಿನ ಮ್ಯಾಲ ಇಟ್ಟು ಎದರ ಕೂತ್ನಿ. ಗಾಲಿ ರೆಕ್ಕಿಯ ಹಿಂದಿನ ಅಂಚಿಗೆ ಅದಾವ. ಮೂತ್ಯಾಗ ಮೋಟಾರ, ಮೂತ್ಯಾಗ ಬ್ಯಾಟರಿ. ಇದು ಖರೆ ಹೇಳಬೇಕಂದ್ರ ಮುಂದಕ್ಕ ಮುಗ್ಗರಿಸಿ ಬೀಳಬೇಕು. ಬೀಳವಲ್ತು. ಠಾಕಠೀಕ ನಿಂತೈತಿ. ನನಗ ನಮ್ಮ ಅಂಗಡಿಯ ಒಂಟಿ ಕಾಲಿನ ಗಿಣಿ ನೆನಪ ಆತು. ಅದು ನಿಂದರೂದು ಹೆಂಗಂತ ಸಣ್ಣಾಕಿದ್ದಾಗ ನಾ ಕೇಳಿದ್ನಿ. ನೀವು ಬಾಗಲಾ ಮುಚ್ಚಿ, ಬಾಲದ ಬುಡದಾಗ ಸಣ್ಣ ತೂತ ಕೊರದು ಸೀಸದ ಗುಂಡ ಇಟ್ಟು, ಮ್ಯಾಲ ಕಟಗಿ ಪುಡಿ ಅಂಟು ಮೆತ್ತಿ ಬಣ್ಣ ಹಚ್ಚೂದನ್ನ ತೋರಿಸಿದ್ರಿ.

ಅಬ್ಬಾ, ಸಿಟ್ಟಾಗಬ್ಯಾಡ್ರಿ. ವಿಮಾನಕ್ಕೂ ಸೀಸ ಇಟ್ಟೀರೇನು?

ಇಟ್ಟಿದ್ರ ಅದ ಮೂಲ. ಬಾಲ ಭಾರ ಇದ್ರ ಯಾವ ಟ್ರಿಮ್ಮೂ ನಡಿಯೂದಿಲ್ಲ, ಗುಂಡಿ ಎಷ್ಟ ತಿರಿವಿದ್ರೂ ಅಷ್ಟ. ನಾ ನಿಮ್ಮ ಕೆಲಸಕ್ಕ ಚಾಕು ಹಚ್ಚಾಕಿ ಅಲ್ಲ. ಅದಕ್ಕ ಉದ್ದಪ್ಪ ಕಾಕಾನ ಕೂಡ ವಿಮಾನ ತಿರಿಗಿ ಕಳಸಾಕತ್ತೇನಿ. ನೀವ ತಗೀರಿ.

ಭಾಳ ಭಾಳ ಪ್ರೀತಿಲೆ,
ಉಜ್ಮಾ

*

ಗೋಕಾಕ
5 ಡಿಸೆಂಬರ 2024

ಉಜ್ಮಾ,

ಅಂಗಡಿಯಿಂದ ಹೋದದ್ದು ತಿರಿಗಿ ಬಂತು. ಮೊದಲನೇದು ಇದು. ಕಳಿಸಿದವರು ಹೊರಗಿನವರಲ್ಲ, ಮನಿ ಮಗಳು. ಅಲ್ಲಪ್ಪನ ಎದರಿಗೆ ಉದ್ದಪ್ಪ ಅದನ್ನ ಇಳಿಸಿದ. ಅಲ್ಲಪ್ಪ ಚಾ ಕುಡಿಯೂದ ನಿಲ್ಲಿಸಿ ನೋಡಿದ.

ಹೌದು, ಸೀಸ ಇಟ್ಟೇನಿ. ಯಾಕ ಇಡಬಾರದು? ಮುಗ್ಗರಿಸಿ ಬೀಳೂ ವಿಮಾನ ಕಳಿಸಿದ್ರ ನಿನ್ನ ಸಾಲ್ಯಾಗ ಮಂದಿ ಏನ ಅಂತಿದ್ರು? ತಾಜುದ್ದೀನನ ಮಾಲು ನಿಂದರೂದಿಲ್ಲ ಅಂತಿದ್ರು. ನಾ ನಿನ್ನ ಮಾನ ಉಳಸಾಕ ಹ್ವಾದ್ನಿ. ಅದರಾಗೂ ತಪ್ಪ ತಗದಿ.

ಮತ್ತೇನೂ ಬರಿಯೂದಿಲ್ಲ.

ತಾಜುದ್ದೀನ

*

ಗೋಕಾಕ
14 ಡಿಸೆಂಬರ 2024

ನನ್ನ ಕೂಸು ಉಜ್ಮಾಗ ಅಮ್ಮಿಯ ಪ್ರೀತಿ.

ನೀ ಅತ್ತಿರಬೇಕು. ಅಳಬ್ಯಾಡ. ನಿನ್ನ ಅಬ್ಬಾನ ಸಿಟ್ಟು ಹಾಲ ಉಕ್ಕಿದಂಗ, ಉರಿ ಸಣ್ಣ ಮಾಡಿ ಸುಮ್ಮನ ನಿಂದರಬೇಕು. ನಾ ಇಷ್ಟ ವರ್ಷ ಅದನ್ನ ಮಾಡಿದ್ದು.

ವಿಮಾನ ನಾಕ ದಿವಸ ಅಟ್ಟದ ಮ್ಯಾಲ ಇತ್ತು. ಐದನೇ ದಿವಸ ಮುಂಜಾನಿ ಚಾ ಕೊಡಾಕ ಹ್ವಾದ್ರ ಅಂಗಡ್ಯಾಗ ಇಲ್ಲ. ಮಾಳಗಿ ಮ್ಯಾಲ ನಿಂತು ಪಾರಿವಾಳ ನೋಡಾಕತ್ತಿದ್ರು. ಕೈ ಸನ್ನಿಲೆ ಕೇಳಿದ್ನಿ, ಏನು ಅಂತ. "ನಜೀರಾ, ಕೂತಾಗ ಇದರ ಮೈ ಭಾರ ಹಿಂದ ಐತಿ, ಹಾರೂವಾಗ ಕುತಗಿ ಚಾಚಿ ಎಲ್ಲಾ ಮುಂದ ಒಯ್ತೈತಿ. ನಾ ಜನ್ಮಾ ಪೂರ್ತಿ ಕೂತ ಹಕ್ಕಿನ ಮಾಡೇನಿ" ಅಂದ್ರು. ಆಮ್ಯಾಲ ಕೆಳಗಿಳದು ಉಳಿ ತಗೊಂಡ ಕೂತ್ರು. ಸೀಸ ತಗದ್ರು. ತಗದ ಮ್ಯಾಲ ಅದು ಮೂತಿ ಊರಿ ಬಿತ್ತಲ್ಲ, ಅವಾಗ ಅವರ ಮಾರಿ ನೋಡಬೇಕಿತ್ತು ನೀ. ಕಡೀಕ ಗಾಲೀನೂ ಕಿತ್ತ ಒಗದ್ರು. "ಹೊಲದಾಗ ಹೊಟ್ಟಿ ಮ್ಯಾಲ ಇಳೀಲಿ, ಇದಕ್ಕ ಕಾಲ ಯಾಕ ಬೇಕು" ಅಂತಂದು, ಕಿತ್ತಲ್ಲಿ ಕಾಚಪೇಪರ ತಿಕ್ಕಿ ತಿಕ್ಕಿ ಬಣ್ಣ ಹಚ್ಚಿದ್ರು.

ನಾಳಿ ಬಸ್ಸಿಗೆ ಕಳಸ್ತೇವಿ. ಡಬ್ಬ್ಯಾಗ ಅವರೂ ಒಂದ ಚೀಟಿ ಇಟ್ಟಾರ. ನನಗ ತೋರಿಸಲಿಲ್ಲ, ಆದ್ರ ನಾ ಓದೇನಿ. "ಇದು ನಿಂದರೂದಿಲ್ಲ. ಹಾರತೈತೇನ ನೋಡು" ಅಂತ ಐತಿ. ನೀ ಓದಿ ನಗಬೇಕು, ತಿಳೀತೇನು.

ನಿನ್ನ ಅಮ್ಮಿ

*

ಯಮಕನಮರಡಿ
22 ಡಿಸೆಂಬರ 2024, ರವಿವಾರ

ಅಬ್ಬಾರಿಗೆ ಸಲಾಮ. ಹಾರತೈತಿ.

ಇದನ್ನ ಮೊದ್ಲ ಬರದು ಆಮ್ಯಾಲ ಉಳದದ್ದು ಬರೀತೇನಿ. ಹಾರತೈತಿ, ಅಬ್ಬಾ. ಎರಡ ಬೆರಳ ಮ್ಯಾಲ ಇಟ್ರ ಮೂತಿ ಒಂದೀಟ ಬಾಗಿಸಿ ಸಮ ನಿಂದರತೈತಿ. ನಿನ್ನಿ ಮೋಟಾರ ಇಲ್ಲದ ಒಗದ್ರ ಹೊಲದ ಈ ಬದುವಿನಿಂದ ಆ ಬದುವಿನ ತನಕಾ ಗೆರಿ ಹೊಡದಂಗ ಹೋಗಿ ಹೊಟ್ಟಿ ಮ್ಯಾಲ ಇಳೀತು. ಟ್ರಿಮ್ಮಿನ ಗುಂಡಿ ಎಲ್ಲಾ ನಡಬರಕ ಇದ್ವು, ಒಂದೂ ತಿರಿವಿದ್ದಿಲ್ಲ. ಮಾಲಿಂಗ ಸರ್ ಟೋಪಿ ತಗದು ನೆಲಕ್ಕ ಬಡದ್ರು. ಹುಡಿಗ್ಯಾರು ಅದರ ಹಿಂದ ಓಡಿ ಓಡಿ ಚಪ್ಪಲ ಎಲ್ಲಿ ಬಿಟ್ಟಾರೋ, ಇವತ್ತಿಗೂ ಸಿಕ್ಕಿಲ್ಲ. ನೀವು ಕಾಲ ಕಿತ್ತದ್ದು ಭಾಳ ಶಾಣ್ಯಾತನ ಆತು. ಹಗೂರ ಆಗೇತಿ, ಗಾಳಿ ತಡಿಯೂದೂ ಕಡಿಮಿ ಆಗೇತಿ. ಅದು ನನ್ನ ತಲ್ಯಾಗ ಬಂದಿದ್ದಿಲ್ಲ.

ಈಗ ಒಂದ ಉಳದೈತಿ. ಮೋಟಾರ ಬಿಟ್ರ ಎಡಕ್ಕ ಎಳಿತೈತಿ, ಮೂತೀನೂ ಜರಾ ಎತ್ತತೈತಿ. ಟ್ರಿಮ್ ಕೊಟ್ಟು ಬಲಕ್ಕ ತಂದ್ನಿ, ನೆಟ್ಟಗ ಆತು. ಆದ್ರ ಮೋಟಾರ ಬಂದ್ ಮಾಡಿದ ಕೂಡ್ಲೇ ಬಲಕ್ಕ ಹೊಳ್ಳಿತು. ಅಲ್ಲಿಗೆ ನನಗ ತಿಳೀತು, ತಪ್ಪು ರೆಕ್ಕಿದಲ್ಲ, ಬಾಲದ್ದಲ್ಲ. ಮೂತಿಗಿರೂ ಫ್ಯಾನ ಬಲಕ್ಕ ತಿರಗತೈತಿ, ಅದರ ಜೋರಿಗೆ ಮೈ ಎಡಕ್ಕ ವಾಲತೈತಿ. ಮೂಡಲಗ್ಯಾಗ ಕೈ ಬಿಟ್ಟ ಸುತ್ತು ಎರಡ ಸಲ, ಒಮ್ಮೆ ಮೋಟಾರ ಇದ್ದು, ಒಮ್ಮೆ ಇಲ್ಲದ. ಎರಡಕ್ಕೂ ಸರಿ ಆಗಬೇಕಂದ್ರ ಒಂದ ದಾರಿ: ಮೋಟಾರನ್ನ ಜರಾ ಬಲಕ್ಕ, ಜರಾ ಕೆಳಗ ಸೊಟ್ಟ ಕೂಡ್ರಸಬೇಕು. ಕರದಂಟಿನ ಡಬ್ಬಿ ರಟ್ಟು ಮಡಚಿ ಮೋಟಾರ ಹಿಂದ ಸಿಗಸಿ ನೋಡೇನಿ, ಹೌದ, ಸುಧಾರಿಸಿತು. ಆದ್ರ ರಟ್ಟು ಒತ್ತಿ ಒತ್ತಿ ತೆಳ್ಳಗ ಆಗತೈತಿ. ನೀವು ಮೋಟಾರ ಕೂಡ್ರೂ ಹಲಗಿನ ಸೊಟ್ಟ ಕೆತ್ತಿ ಕೊಡ್ತೀರೇನು?

ನಿಮ್ಮ ಪತ್ರ ಬರೂತನಕಾ ಹಾರಸೂದಿಲ್ಲ.

ನಿಮ್ಮ ಉಜ್ಮಾ

*

ಗೋಕಾಕ
27 ಡಿಸೆಂಬರ 2024, ಜುಮ್ಮಾ

ಬೇಟಿ ಉಜ್ಮಾಗ ದುವಾ.

ಹಾರಿದ್ದು ಕೇಳಿ ಅಲ್ಲಪ್ಪಗ ಚಾ ಕುಡಿಸಿದ್ನಿ. ಯಾಕ ಅಂತ ಅಂವಗ ಹೇಳಲಿಲ್ಲ.

ಆದ್ರ ನೀ ಕೇಳಿದ ಕೆಲಸ ನನ್ನ ಕೈಲೆ ಆಗೂದಿಲ್ಲ. ಸಿಟ್ಟಿಲೆ ಹೇಳಾಕತ್ತಿಲ್ಲ. ನಿನ್ನಿ ಹಲಗಿ ತಗೊಂಡ ಕೂತಿದ್ನಿ. ಉಳಿ ಹಚ್ಚೂದ್ರಾಗ ಕೈ ತಾನ ನೆಟ್ಟಗ ಹೋಗತೈತಿ. ಮೂರ ಹಲಗಿ ಕೆತ್ತಿದ್ನಿ, ಮೂರೂ ನೆಟ್ಟಗ. ನಿನ್ನ ಅಜ್ಜ ಸೊಟ್ಟ ಗೆರಿ ಹೊಡದ್ರ ಬೆರಳ ಮ್ಯಾಲ ಬಡೀತಿದ್ದ, ಆ ಬೆರಳಿಗೆ ಈಗ ಸೊಟ್ಟ ಮಾಡು ಅಂದ್ರ ಎಲ್ಲಿ ಕೇಳತಾವ. ನೆಟ್ಟಗ ಹೋಗಾಕ ಸೊಟ್ಟ ಕೂಡ್ರಬೇಕು ಅಂಬೂದು ನಾ ಎಲ್ಲೂ ಕೇಳಿಲ್ಲ.

ಅದಕ್ಕ ಒಂದ ಕೆಲಸ ಮಾಡೇನಿ. ಬಿದರಿನ ತೆಳು ಚಕ್ಕಿ ಕೆತ್ತಿ ಕಳಸಾಕತ್ತೇನಿ. ಒಂದಕ್ಕಿಂತ ಒಂದ ದಪ್ಪ ಅದಾವ, ಎಲ್ಲಾದಕ್ಕಿಂತ ತೆಳ್ಳಂದು ಹಾಳಿಯಷ್ಟ ಐತಿ. ಬಿದರು ಒತ್ತಿದ್ರ ಕುಗ್ಗೂದಿಲ್ಲ. ಎಡಗಡೆ ಸ್ಕ್ರೂ ಕೆಳಗ ಒಂದ ಇಡು, ಮ್ಯಾಲಿನ ಸ್ಕ್ರೂ ಕೆಳಗ ಒಂದ ಇಡು, ಮೋಟಾರ ಬಲಕ್ಕ ಕೆಳಗ ಬಾಗತೈತಿ. ಎಷ್ಟ ಬಾಗಬೇಕು ಅನ್ನೂದು ಹಾರಿಸಿ ನೋಡಿ ನೀ ಠರಾಯಿಸು. ನನಗದು ತಿಳಿಯೂದಿಲ್ಲ. ನಿನಗ ತಿಳಿತೈತಿ.

ಒಂದೊಂದ ಚಕ್ಕಿ ಬದಲ ಮಾಡಿ ನೋಡು. ಎರಡೂ ಕೂಡೇ ಬದಲ ಮಾಡಿದ್ರ ಯಾವದರಿಂದ ಸುಧಾರಿಸಿತು ಅಂತ ತಿಳಿಯೂದಿಲ್ಲ. ಬಣ್ಣ ಕೂಡಸೂದ್ರಾಗೂ ಹಂಗ.

ನಿನ್ನ ಅಬ್ಬಾ
ತಾಜುದ್ದೀನ

*

ಯಮಕನಮರಡಿ
12 ಜನೇವರಿ 2025, ರವಿವಾರ

ಅಬ್ಬಾರಿಗೆ, ಅಮ್ಮಿಗೆ ಸಲಾಮ.

ನೀವು ಹೇಳಿದಂಗ ಒಂದೊಂದ ಬದಲ ಮಾಡಿದ್ವಿ. ಮೊದಲ ದಿವಸ ದಪ್ಪ ಚಕ್ಕಿ ಇಟ್ಟಿದ್ದಕ್ಕ ಬಲಕ್ಕ ಎಳೀತು. ಅದಕ್ಕಿಂತ ತೆಳ್ಳಂದು ಇಟ್ವಿ, ಎಡಕ್ಕ ಒಂದೀಟ. ನಡುವಿಂದು ಇಟ್ಟ ಕೂಡ್ಲೇ ಸರಿ ಕೂತಬಿಟ್ಟಿತು. ಮೋಟಾರ ಬಿಟ್ರೂ ಅಷ್ಟ, ಬಂದ್ ಮಾಡಿದ್ರೂ ಅಷ್ಟ, ನೆಟ್ಟಗ. ಕೆಳಗ ಬಾಗಸೂ ಚಕ್ಕಿಗೆ ಮಾತ್ರ ಮೂರ ದಿವಸ ಹಿಡೀತು. ಅದೂ ಆತು. ನನಗೂ ತಡಕೊಳ್ಳೂದು ಬರತೈತಿ, ತಿಳೀತಲ್ಲ.

ಈಗ ನಾ ಕೈ ಎತ್ತತೇನಿ, ಹುಡಿಗ್ಯಾರು ಉಸರ ಹಿಡೀತಾರ, ಅದು ಹೋಗತೈತಿ.

ಮುಂದಿನ ರವಿವಾರ ಮೂಡಲಗಿ. ಬೈಲದಾಗ, ಮುಂಜಾನಿ ಹತ್ತಕ್ಕ. ಹುಕ್ಕೇರಿ, ಕಣಗಲಾ, ಗೋಕಾಕ ಕಡೆ ಸಾಲಿ ಕಾಲೇಜಿನವರೆಲ್ಲಾ ಬರ್ತಾರ. ಲಖನ ಮತ್ತ ಮೈಕ ಹಿಡೀತಾನಂತ. ನಮ್ಮ ಹುಡಿಗ್ಯಾರು ಈ ವಾರ ಸರಿಯಾಗಿ ಉಂಡಿಲ್ಲ. ರಾಚಪ್ಪ ಸರ್ ವೇಳಾಪತ್ರಿಕಿ ಬರದು ಟೇಬಲ ಮ್ಯಾಲ ಇಟ್ಟಾರ, ಶನಿವಾರದ ಆ ತಾಸು ಖಾಲಿ ಬಿಟ್ಟಾರ. ಬಂದ ಮ್ಯಾಲ ತುಂಬತೇನಿ ಅಂದ್ರು.

ಅಬ್ಬಾ, ಬರ್ರಿ. ಗೋಕಾಕದಿಂದ ಮೂಡಲಗಿ ಏನ ದೂರ? ನಾ ಇಲ್ಲಿ ಸೇರಿ ದೀಡ ವರ್ಷ ಆತು, ನೀವು ಒಮ್ಮೆನೂ ಬಂದಿಲ್ಲ. ಸಾಲಿಗೆ ಬರಬ್ಯಾಡ್ರಿ, ನಾ ಕೇಳೂದಿಲ್ಲ. ನಿಮ್ಮ ವಿಮಾನ ನೋಡಾಕರೆ ಬರ್ರಿ.

ದಾರಿ ಕಾಯತೇನಿ,
ಉಜ್ಮಾ

*

ಯಮಕನಮರಡಿ
20 ಜನೇವರಿ 2025, ಸೋಮವಾರ

ಅಬ್ಬಾ, ಸಲಾಮ.

ಗೆದ್ವಿ. ಪಹಿಲಾ ನಂಬರ.

ಎಲ್ಲಾ ಹೇಳ್ತೇನಿ ಕೇಳ್ರಿ. ನಮಗಿಂತ ಮೊದ್ಲ ಹಾರಿಸಿದವರು ರಿಮೋಟ ಕೈಯಾಗ ಇದ್ದಾಗ ಎಲ್ಲಾರೂ ಚಲೋ ಮಾಡಿದ್ರು, ಕೈ ಬಿಟ್ಟ ಸುತ್ತಿನ್ಯಾಗ ಒಬ್ಬರದ ಬೇಲಿಗೆ, ಒಬ್ಬರದ ಗಿಡಕ್ಕ ಹೋತು. ನಮ್ಮ ಸರದಿ ಬಂತು. ಲಖನ ಮೈಕಿನ್ಯಾಗ, "ಅಡಿಗಿಯವರು ಬೋಗಾಣಿ ಮುಚ್ಚಿಕೊಳ್ರೆಪಾ, ಯಮಕನಮರಡಿ ಟೀಚರ ಬಂದಾರ" ಅಂದ. ಬೈಲೆಲ್ಲಾ ನಕ್ಕಿತು. ನಮ್ಮ ಹುಡಿಗ್ಯಾರು ನಗಲಿಲ್ಲ. ಒಬ್ಬರ ಕೈ ಒಬ್ಬರು ಹಿಡಕೊಂಡು ನಿಂತಿದ್ರು.

ಮಾಲಿಂಗ ಸರ್ ಒಗದ್ರು. ಎರಡ ಸುತ್ತ ಹಾಕಿಸಿ ತಂದ್ನಿ. ಮೊದಲನೇ ಬಾವುಟದ ಹತ್ತಿರ ನೆಟ್ಟಗ ಮಾಡಿ ಎರಡೂ ಕೈ ಮ್ಯಾಲ ಎತ್ತಿದ್ನಿ. ಹೊಂಟಿತು. ನಡಬರಕ ಹೋಗೂದ್ರಾಗ ಕಬ್ಬಿನ ಹೊಲದ ಕಡಿಂದ ಗಾಳಿ ಬೀಸಿ ಎಡಗಡೆ ರೆಕ್ಕಿ ಎತ್ತಿತು. ಕೈ ಇಳಸಿದ್ರ ಸ್ಪರ್ಧಾ ಹೋತು, ಇಳಸದಿದ್ರ ವಿಮಾನ ಹೋಗಬಹುದು. ಇಳಸಲಿಲ್ಲ. ಅಬ್ಬಾ, ಅದು ಜರಾ ವಾಲಿತು, ತಾನ ತಿರಿಗಿ ಸಮ ಆತು. ರೆಕ್ಕಿ ತುದಿ ನೀವು ಒಂದೀಟ ಮ್ಯಾಲ ಎತ್ತಿ ಕೂಡ್ರಿಸೀರಲ್ಲ, ಅದರ ಪುಣ್ಯೆ. ಶಿಟಿ ಊದಿದ್ರು. ಎರಡನೇ ಸಲ ಮೋಟಾರ ಬಂದ್ ಮಾಡಿ ಕೈ ಎತ್ತಿದ್ನಿ. ಆವಾಗ ಲಖನ ಸೈತ ಮೈಕ ಕೆಳಗ ಇಳಿಸಿ ಮ್ಯಾಲ ನೋಡಾಕತ್ತಿದ್ದ. ಸಪ್ಪಳ ಇಲ್ಲದ ಜಾರಿ ಬಂದು ಸುಣ್ಣದ ಗೆರಿ ಒಳಗ ಹೊಟ್ಟಿ ಊರಿ ಕೂತಿತು. ಗೆರಿ ಒಳಗ ಇಳದದ್ದು ನಮ್ಮದೊಂದ.

ಆಮ್ಯಾಲ ನನಗ ಸರಿಯಾಗಿ ನೆನಪಿಲ್ಲ. ಹುಡಿಗ್ಯಾರು ಬಂದು ಬಿದ್ರು ಮೈಮ್ಯಾಲ. ಮಾಲಿಂಗ ಸರ್ ಯಾರನ್ನೋ ಎತ್ತಿ ಕುಣಸಾಕತ್ತಿದ್ರು, ನೋಡಿದ್ರ ಅದು ರಾಚಪ್ಪ ಸರ್. ಹಲಗಿ ಬಡಿಯವರು ಸುರು ಮಾಡಿದ್ರು. ಆ ಗದ್ದಲದಾಗ ಹಿಂದ ಯಾರೋ ಒಬ್ಬರು ಏನೋ ದೊಡ್ಡ ದನೀಲೆ ಒದರಿದ್ರು, ಮಂದಿಯೆಲ್ಲಾ ತಿರಿಗಿ ನೋಡಿ ನಗಾಕತ್ತಿದ್ರು. ಕುಡದಾವ ಇರಬೇಕಂತ ನಾ ತಿರಿಗಿ ನೋಡಲಿಲ್ಲ.

ಇವತ್ತ ಮುಂಜಾನಿ ವೇಳಾಪತ್ರಿಕಿ ಗ್ವಾಡಿಗೆ ಹಚ್ಚ್ಯಾರ. ಶನಿವಾರ ಎರಡ ತಾಸು ವಿಮಾನ. ಒಂದಲ್ಲ, ಎರಡು.

ಬೈಲ ತುಂಬ ನಿಮ್ಮನ್ನ ಹುಡುಕಿದ್ನಿ. ಬಹುಮಾನ ತಗೊಳೂ ಮುಂದನೂ ಹುಡುಕಿದ್ನಿ. ನೀವು ಬರಲಿಲ್ಲ. ನನಗ ಸಿಟ್ಟಿಲ್ಲ ಅಂತ ಬರಿಯಬೇಕಂತ ಮಾಡಿದ್ನಿ. ಸಿಟ್ಟೈತಿ. ಭಾಳ ಸಿಟ್ಟೈತಿ, ಅಬ್ಬಾ.

ಉಜ್ಮಾ

*

ಗೋಕಾಕ
24 ಜನೇವರಿ 2025, ಜುಮ್ಮಾ

ನನ್ನ ಉಜ್ಮಾ,

ಕುಡದಾವ ಅಲ್ಲ. ನಾನ.

ಬಣ್ಣ ತರಾಕ ಹೋಗತೇನಿ ಅಂತ ನಿನ್ನ ಅಮ್ಮಿಗೆ ಸುಳ್ಳ ಹೇಳಿ ಎಂಟರ ಬಸ್ಸಿಗೆ ಹೊಂಟ್ನಿ. ಕಬ್ಬಿನ ಹಾಲಿನ ಗಾಡಿ ಹಿಂದ ನಿಂತಿದ್ನಿ. ನಿನಗ ಕಾಣಬಾರದು ಅಂತನ ನಿಂತಿದ್ನಿ. ಬಿದ್ರ ನನ್ನ ಎದರಿಗೆ ಬಿತ್ತು ಅಂತ ನಿನಗ ಆಗಬಾರದಲ್ಲ.

ನನಗ ಮೋಟಾರ ಕೇಳಸೂದಿಲ್ಲ, ಮೈಕ ಕೇಳಸೂದಿಲ್ಲ. ಮಂದಿ ಬಾಯಿ ತೆರದು ನಕ್ಕದ್ದು ಕಂಡಿತು, ಯಾಕಂತ ತಿಳೀಲಿಲ್ಲ, ಚಲೋ ಆತು. ಮಂದಿಯೆಲ್ಲಾ ಮ್ಯಾಲ ನೋಡಾಕತ್ತಿದ್ರು. ನಾ ಮ್ಯಾಲ ನೋಡಲಿಲ್ಲ. ವಿಮಾನ ನಾ ಮಾಡಿದ್ದು, ಅದರಾಗ ಏನೈತಿ ನನಗ ಗೊತ್ತೈತಿ. ನಾ ನಿನ್ನ ನೋಡಾಕತ್ತಿದ್ನಿ. ನೀ ಎರಡೂ ಕೈ ಎತ್ತಿದಿ. ಗಾಳಿ ಬೀಸಿತು, ನನ್ನ ಟೊಪಗಿ ಹಾರಿತು. ನಿನ್ನ ಕೈ ಇಳೀತಾವಂತ ತಿಳದ್ನಿ. ನಾ ಇದ್ರ ಇಳಸತಿದ್ನಿ. ನೀ ಇಳಸಲಿಲ್ಲ. ಅಷ್ಟೊತ್ತು ಕೈ ಮ್ಯಾಲ ಇಟ್ಟು ನಿಂತಿ, ಮಾರಿ ಮ್ಯಾಲ ಅಂಜಿಕಿ ಐತಿ, ಕೈಯಾಗ ಇಲ್ಲ. ಇದನ್ನ ಎಲ್ಲಿ ಕಲತಿ ನೀ? ನಾ ಕಲಿಸಿದ್ದಲ್ಲ.

ನನ್ನ ಬಾಜೂಕ ಭೀಮಶಿ ಅಂತ ಒಬ್ಬ, ಮಸಗುಪ್ಪಿಯಾಂವ, ನನ್ನ ಟೊಪಗಿ ಹಿಡದ ತಂದ ಕೊಟ್ಟ. ವಿಮಾನ ಗೆರಿ ಒಳಗ ಇಳದ ಮ್ಯಾಲ ನಿನ್ನ ಕಡೆ ಬೆರಳ ಮಾಡಿ ಏನೋ ಕೇಳಿದ. ತುಟಿ ನೋಡಿದ್ನಿ, ಆ ಹುಡಿಗಿ ಯಾರು ಅಂತ. ನಾ ಹೇಳಿದ್ನಿ, "ಅಕಿ ನನ್ನ ಮಗಳು, ಸಾಯನ್ಸ ಟೀಚರ." ಎಷ್ಟ ಜೋರ ಅಂದ್ನಿ ನನಗೇನ ಗೊತ್ತು. ಮಂದಿ ತಿರಿಗಿ ನೋಡಿದ್ರು. ಆದ್ರೂ ಮತ್ತೊಮ್ಮೆ ಅಂದ್ನಿ. ದೀಡ ವರ್ಷ ಆ ನೌಕರಿ, ಆ ನೌಕರಿ ಅಂತ ಅಂದ ಬಾಯಿಗೆ ಆ ಮಾತ ಭಾಳ ರುಚಿ ಆತು ನೋಡು. ಅದಕ್ಕ ಎರಡ ಸಲ.

ಬಹುಮಾನದ ತನಕಾ ನಿಂದರಲಿಲ್ಲ ಯಾಕಂದ್ರ ಕಣ್ಣು ಸುಮ್ಮನಿರಲಿಲ್ಲ, ಮಂದ್ಯಾಗ ಅಳೂದು ನನಗ ಸೇರೂದಿಲ್ಲ. ಬಸ್ಸಿನ್ಯಾಗ ಅತ್ನಿ. ಬಾಜೂಕ ಕೂತಾಂವ ಕಾರ್ಖಾನೆಯ ಸಕ್ಕರಿ ಚೀಟಿ ಬಂತೇನು ಅಂತ ಕೇಳಿದಂಗ ಆತು, ಅವಗೂ ಹೇಳಿದ್ನಿ, ನನ್ನ ಮಗಳು ಟೀಚರ ಅಂತ.

ನಾಳಿ ಶನಿವಾರ. ಈ ಪತ್ರ ಇವತ್ತ ಉದ್ದಪ್ಪನ ಕೈಯಾಗ ಕೊಟ್ಟು, ಅದರ ಹಿಂದ ಮುಂಜಾನಿ ಮೊದಲನೇ ಬಸ್ಸಿಗೆ ನಾನೂ ಬರಾಕತ್ತೇನಿ. ಎರಡೂ ತಾಸು ಕುಂದರತೇನಿ. ಮುಂದಿನ ಬೆಂಚಿನ್ಯಾಗ ಒಂದ ಜಾಗಾ ಹಿಡದಿಡಾಕ ನಿನ್ನ ಹುಡಿಗ್ಯಾರಿಗೆ ಹೇಳು. ಹಿಂದ ಕೂತ್ರ ನೀ ಕಲಸೂದು ನನಗ ಕಾಣಸೂದಿಲ್ಲ.

ನಿನ್ನ ಅಬ್ಬಾ
ತಾಜುದ್ದೀನ